ಬತ್ತಿದ ಕೆರೆಯೂ ಕೆರೆಯೇ

ಮಕ್ಕಳೇ,

ಕೆರೆಯ ಪಕ್ಕದ ಗದ್ದೆಯಲ್ಲಿ ಕಲ್ಲು ನೆಟ್ಟಿದ್ದಾರೆ, ಬಣ್ಣದ ಬಾವುಟ ಕಟ್ಟಿದ್ದಾರೆ, ‘ಲೇಕ್ ವ್ಯೂ’ ಅಂತ ಬೋರ್ಡು ಹಾಕಿದ್ದಾರೆ. ನಿಮಗೆ ಸಿಟ್ಟು ಬಂದಿದೆ. ಚರಂಡಿ ನೀರು ಕೆರೆಗೆ ಬೀಳುತ್ತದೆ, ಮಳೆಗಾಲದಲ್ಲಿ ನೀರು ನಮ್ಮ ಓಣಿಗೆ ನುಗ್ಗುತ್ತದೆ, ಬೋರ್‌ವೆಲ್ ಬತ್ತುತ್ತವೆ, ಚಳಿಗಾಲದ ಹಕ್ಕಿಗಳು ಬರುವುದಿಲ್ಲ ಎನ್ನುತ್ತೀರಿ. ನಿಮ್ಮ ಆತಂಕದಲ್ಲಿ ಸುಳ್ಳೇನೂ ಇಲ್ಲ. ಆದರೂ ವಯಸ್ಸಾದವನೊಬ್ಬನ ಮಾತು ಕೇಳಿ: ನೀವು ಎದ್ದದ್ದು ತಡವಾಗಿ. ಬೋರ್ಡು ನೆಟ್ಟ ದಿನ ಕೆರೆ ಕೈಬಿಟ್ಟು ಹೋದದ್ದಲ್ಲ. ಅದಕ್ಕೂ ಎಷ್ಟೋ ವರ್ಷ ಮುಂಚೆ, ಕೆರೆಗೆ ನೀರು ತರುವ ಹಳ್ಳವನ್ನು ಯಾರೋ ಮುಚ್ಚಿದರಲ್ಲ, ಅವತ್ತೇ ಅರ್ಧ ಹೋಯಿತು. ನಾನು ಹೇಳಬೇಕಾದದ್ದೆಲ್ಲ ಇಷ್ಟರಲ್ಲೇ ಇದೆ. ಉಳಿದದ್ದು ಇದರ ವಿವರ.

ಮೊದಲಿಗೆ ಒಂದು ನ್ಯಾಯದ ಮಾತು. ಮನೆ ಬೇಡ ಎನ್ನಬೇಡಿ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕಚೇರಿ ಬಂದವು, ನೌಕರರು ಬಂದರು. ಅತ್ತ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದೇಶದ ಎಲ್ಲ ಕಡೆಯಿಂದ ದುಡಿಯುವವರು ಬರುತ್ತಾರೆ. ಅವರಿಗೂ ತಲೆಯ ಮೇಲೆ ಸೂರು ಬೇಕು. ನಿಮಗೂ ನಾಳೆ ಮದುವೆಯಾಗಿ ಬೇರೆ ಮನೆ ಮಾಡುವಾಗ ಒಂದು ಸೈಟು ಬೇಕಾಗುತ್ತದೆ. ನಮ್ಮ ಪ್ರಶ್ನೆ ಮನೆ ಕಟ್ಟಬೇಕೋ ಬೇಡವೋ ಎಂಬುದಲ್ಲ, ಎಲ್ಲಿ ಕಟ್ಟಬೇಕು ಎಂಬುದು. ಇಷ್ಟು ಸ್ಪಷ್ಟವಿದ್ದರೆ ನಿಮ್ಮನ್ನು ‘ಅಭಿವೃದ್ಧಿ ವಿರೋಧಿಗಳು’ ಎಂದು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಹೊಸಪೇಟೆಯವರಿಗೆ ಕೆರೆಯ ಪಾಠ ಕಲಿಯಲು ದೂರ ಹೋಗಬೇಕಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ನಮ್ಮ ಊರು ನಾಗಲಾಪುರ. ಸಂಡೂರು ಗುಡ್ಡಗಳ ಕಡೆಯ ಕಣಿವೆಯ ಬಾಯಿಗೆ ಆತ ಏರಿ ಹಾಕಿಸಿ ಕೆರೆ ಕಟ್ಟಿಸಿದ. ಅದೇ ರಾಯರ ಕೆರೆ. ಆ ಕೆಲಸ ನಡೆಯುವಾಗ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದೂ, ಕೆರೆ ಎರಡು ಮೂರು ಸಲ ಒಡೆಯಿತೆಂದೂ ಆತ ಬರೆದಿಟ್ಟಿದ್ದಾನೆ. ಕಟ್ಟುವುದಕ್ಕೆ ಜೊಆವೊ ದೆಲ್ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವು ಸಿಕ್ಕಿತೆಂದು ಆಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ ನೂನಿಜ್ ಬರೆದಿದ್ದಾನೆ. ಇಷ್ಟೆಲ್ಲ ಆಗಿ ನಿಂತ ಕೆರೆ ಏನಾಯಿತು? 1900ರಲ್ಲಿ ವಿಜಯನಗರದ ಚರಿತ್ರೆ ಬರೆದು ಪ್ರಕಟಿಸಿದ ರಾಬರ್ಟ್ ಸೀವೆಲ್, ಈ ಕೆರೆ ಬತ್ತಿದೆ, ಇದರ ದೊಡ್ಡ ಏರಿಯೇ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿಯಾಗಿದೆ ಎಂದು ಅಡಿಟಿಪ್ಪಣಿಯಲ್ಲಿ ದಾಖಲಿಸಿದ. ಸಾಮ್ರಾಟ ಕಟ್ಟಿಸಿದ ಕೆರೆಗೇ ಈ ಗತಿಯಾದರೆ, ನಿಮ್ಮ ಊರಿನ ಸಣ್ಣ ಕೆರೆಗೆ ಯಾರು ದಿಕ್ಕು?

ಕೆರೆ ಕಟ್ಟುವುದು ಒಂದು ಸಲದ ಕೆಲಸ, ನೋಡಿಕೊಳ್ಳುವುದು ಪ್ರತಿ ವರ್ಷದ್ದು. ಹಿಂದಿನವರಿಗೆ ಇದು ಗೊತ್ತಿತ್ತು. ಕೆರೆ ಕಟ್ಟಿದವರಿಗೂ ರಿಪೇರಿ ಮಾಡಿದವರಿಗೂ ದಶವಂದ, ಕೆರೆಗೊಡಗೆ ಎಂದು ಭೂಮಿ ಬಿಟ್ಟುಕೊಡುತ್ತಿದ್ದರು. ನೀರುಗಂಟಿ ತೂಬು ಕಾಯುತ್ತಿದ್ದ. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನದಲ್ಲಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಕೆತ್ತಿಸಿದ್ದಾರೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಆ ದೋಷಗಳಲ್ಲೊಂದು. ಇವತ್ತು ರಾಜ್ಯದ ಗಡಿ ಬೇಕಿಲ್ಲ, ಇಲಾಖೆಗಳ ಗಡಿಯೇ ಸಾಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿಯದು. ಜಮೀನಿನ ದಾಖಲೆ ಕಂದಾಯ ಇಲಾಖೆಯಲ್ಲಿ, ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಚರಂಡಿ ನಗರಸಭೆಯಲ್ಲಿ. ಹಂಪಿಯ ಸುತ್ತಲಾದರೆ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಉಂಟು. ಯಾವ ಕಿಟಕಿಗೆ ಹೋದರೂ ‘ಅದು ನಮಗೆ ಬರಲ್ಲ’ ಎನ್ನುತ್ತಾರೆ. ಬೇಸರಪಡಬೇಡಿ. ಅರ್ಜಿಯನ್ನು ಎಲ್ಲರಿಗೂ ಕೊಡಿ, ಪ್ರತಿಯೊಂದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಈಗ ಹಳ್ಳದ ವಿಷಯಕ್ಕೆ ಬನ್ನಿ. ಕೆರೆ ಹೇಗೆ ಸೈಟಾಗುತ್ತದೆ ಎಂಬುದನ್ನು ಸಾವಧಾನವಾಗಿ ನೋಡಿ. ಮೇಲಿನ ಗುಡ್ಡದಿಂದ ಬರುವ ಹಳ್ಳಕ್ಕೆ ಯಾರೋ ಮಣ್ಣು ಸುರಿಯುತ್ತಾರೆ, ಇಲ್ಲವೇ ರಸ್ತೆ ಮಾಡುವಾಗ ದೊಡ್ಡ ಮೋರಿಯ ಜಾಗದಲ್ಲಿ ಸಣ್ಣ ಪೈಪು ಇಡುತ್ತಾರೆ. ಕೆರೆಗೆ ನೀರು ಕಡಿಮೆಯಾಗುತ್ತದೆ. ಹೂಳು ತುಂಬುತ್ತದೆ. ತೂಬಿನಲ್ಲಿ ನೀರು ಹರಿಯುವುದು ನಿಲ್ಲುತ್ತದೆ. ಕೆಳಗಿನ ಅಚ್ಚುಕಟ್ಟಿನ ರೈತನಿಗೆ ಭತ್ತವಿಲ್ಲ, ಬಾಳೆಯಿಲ್ಲ, ಸಾಲ ಮಾತ್ರ ಉಳಿಯುತ್ತದೆ. ಆಗ ದಲ್ಲಾಳಿ ಬಂದು ಗುಂಟೆ ಲೆಕ್ಕದಲ್ಲಿ ದುಡ್ಡು ಎಣಿಸುತ್ತಾನೆ. ರೈತ ಮಾರುತ್ತಾನೆ. ಕೊನೆಗೆ ಬರುವುದು ಬೋರ್ಡು. ಹಾಗಾಗಿ ಏರಿಯ ಮೇಲೆ ನಿಂತು ಸೆಲ್ಫಿ ತೆಗೆದು ‘ಕೆರೆ ಉಳಿಸಿ’ ಎಂದರೆ ಕೆಲಸವಾಗದು. ಕೆರೆಗೆ ಬೆನ್ನು ತಿರುಗಿಸಿ ಮೇಲಕ್ಕೆ ನಡೆಯಿರಿ, ಹಳ್ಳದ ಹಾದಿ ಹಿಡಿದು ಗುಡ್ಡದ ಬುಡದವರೆಗೆ ಹೋಗಿ. ಎಲ್ಲಿ ಮುಚ್ಚಿದೆ, ಎಲ್ಲಿ ಕಿರಿದಾಗಿದೆ, ಎಲ್ಲಿ ಕಸ ಬಿದ್ದಿದೆ ಎಂದು ಗುರುತು ಹಾಕಿಕೊಳ್ಳಿ. ಹಾಗೇ ಕೋಡಿಯಿಂದ ಕೆಳಕ್ಕೂ ಹೋಗಿ. ಕೋಡಿ ಬಿದ್ದ ನೀರು ಹರಿಯುವ ದಾರಿಯಲ್ಲಿ ಮನೆ ಎದ್ದರೆ, ಮುಳುಗುವುದು ಆ ಮನೆಯೇ.

‘ಡ್ಯಾಮ್ ಇದೆಯಲ್ಲ, ಸಣ್ಣ ಕೆರೆ ಯಾಕೆ’ ಎಂದು ಕೇಳುವವರು ನಿಮ್ಮಲ್ಲೇ ಇದ್ದಾರೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮ್ಮ ಕಣ್ಣೆದುರೇ ನಡೆಯಿತು. ತುಂಬಿದ್ದ ನೀರು ನದಿಗೆ ಹರಿದುಹೋಗುವುದನ್ನು ನೋಡುತ್ತಾ ಮೂರು ರಾಜ್ಯಗಳ ರೈತರು ಉಸಿರು ಹಿಡಿದು ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಆ ಜಾಗಕ್ಕೆ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್, ಇಳಿಸುವವರೆಗೆ ಯಾರಿಗೂ ನಿದ್ದೆಯಿಲ್ಲ. ಒಂದೇ ಕಡೆ ನೀರಿಟ್ಟು ನಂಬಿ ಕೂರಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಮಲಾಪುರದ ಕೆರೆ, ದರೋಜಿಯ ಕೆರೆ, ಹೆಸರಿಲ್ಲದ ನೂರು ಕಟ್ಟೆಗಳು ಇರುವುದು ಇಂಥ ಹೊತ್ತಿಗಾಗಿಯೇ.

ಇನ್ನೊಂದು ಮಾತನ್ನು ನಿಮ್ಮೆದುರು ಖಂಡಿತ ಆಡುತ್ತಾರೆ: ‘ಅಲ್ಲಿ ನೀರೇ ಇಲ್ಲವಲ್ಲ, ಎಂಥಾ ಕೆರೆ?’ ಉತ್ತರ ಸಿದ್ಧವಿಟ್ಟುಕೊಳ್ಳಿ. ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರ ಜುಲೈ 25ರಂದು ತೀರ್ಪು ಕೊಟ್ಟಿದೆ. ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ದಾಖಲೆಯಲ್ಲಿ ಕೊಳವೆಂದಿದ್ದ ಜಾಗವನ್ನು ಮನೆ ನಿವೇಶನಕ್ಕೆ ಹಂಚಿದ್ದರು. ಒಂದಷ್ಟು ಭಾಗ ಬಯಲಾಗಿದೆ ಎಂಬ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಜಾಗ ಖಾಲಿ ಮಾಡಿಸಿ ಕೊಳವಾಗಿಯೇ ಉಳಿಸಲು ಹೇಳಿತು. 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಪಂಜಾಬಿನ ಊರಕೊಳ ಮುಚ್ಚಿ ಮನೆ ಕಟ್ಟಿದವರನ್ನು ತೆರವು ಮಾಡಿಸುವ ಆದೇಶವೇ ಬಂತು. ಮಳೆ ಬಾರದ ವರ್ಷ ಕೆರೆ ಒಣಗುತ್ತದೆ, ಕೆರೆಯ ಹಕ್ಕು ಒಣಗುವುದಿಲ್ಲ.

ಆದರೆ ಹಕ್ಕು ಎಂಬುದು ಕಾಗದದಲ್ಲಿರುತ್ತದೆ. ಕಾಗದ ಹುಡುಕುವುದನ್ನು ಕಲಿಯಿರಿ. ನಮ್ಮ ಸೀಮೆಯ ದಾಖಲೆ ತುಸು ತೊಡಕಿನದು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು. ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ಹೊಸಪೇಟೆ, ಕಂಪ್ಲಿಯವರು ಮದ್ರಾಸ್ ಕಾಲದ ಅಳತೆಯ ಪುಸ್ತಕಗಳನ್ನು ಕೇಳಬೇಕು, ಸಂಡೂರಿನವರು ಸಂಸ್ಥಾನದ ಕಾಲದ ಕಾಗದಗಳನ್ನೂ ಕೇಳಬೇಕು. ಇವತ್ತಿನ ಪಹಣಿಯಲ್ಲಿ ‘ಖುಷ್ಕಿ’ (ಒಣ ಬೇಸಾಯದ ಜಮೀನು) ಎಂದಿರುವುದು ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ ಅಂಗಳವೋ ಹಳ್ಳವೋ ಆಗಿರಬಹುದು. ನಿಮ್ಮ ಫೋನಿನಲ್ಲಿ ‘ದಿಶಾಂಕ್’ ಆ್ಯಪ್ ಇದ್ದರೆ, ನಿಂತ ಜಾಗದ ಸರ್ವೆ ನಂಬರು ಅಲ್ಲೇ ಕಾಣುತ್ತದೆ. ನಕಲು ಬೇಕೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ನಿಮ್ಮಲ್ಲಿ ಒಬ್ಬರಾದರೂ ನಕ್ಷೆ ಓದುವುದನ್ನು ಕಲಿತರೆ, ಹತ್ತು ಜನ ಘೋಷಣೆ ಕೂಗಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಗಡುವು ಮರೆಯಬೇಡಿ. 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ಕಟ್ಟುವ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಆದರೆ ಗಣಿಗೆ ಇರುವಂತೆ ಕಟ್ಟಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಅಂದರೆ ಶಾಮಿಯಾನ ಹಾಕಿ ನಿಮ್ಮನ್ನು ಯಾರೂ ಕರೆಯುವುದಿಲ್ಲ, ನೀವೇ ಕಣ್ಣಿಟ್ಟಿರಬೇಕು. ಅನುಮತಿ ಸಿಕ್ಕರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ, ಅಷ್ಟೇ.

ಬೆಂಗಳೂರಿನವರು ಕಲಿತ ಒಂದು ಪಾಠವನ್ನು ನೀವು ಕೈಸುಟ್ಟುಕೊಳ್ಳದೆ ಕಲಿಯಿರಿ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಹೇಳಿದಾಗ ಎಲ್ಲರೂ ಹಿಗ್ಗಿದರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನ್‌ನಲ್ಲಿದ್ದ 30 ಮೀಟರೇ ನಿಂತಿತು. ಕೋರ್ಟಿನಲ್ಲಿ ಕೊನೆಗೆ ಉಳಿಯುವುದು ಪ್ಲಾನ್‌ನಲ್ಲಿ ಬರೆದದ್ದು. ಆದ್ದರಿಂದ ನಿಮ್ಮ ಊರಿನ ಮಾಸ್ಟರ್ ಪ್ಲಾನ್ ಕರಡು ಆಕ್ಷೇಪಣೆಗೆ ಬಂದಾಗಲೇ ಕೂತು ಓದಿ. ಕೆರೆ, ಹಳ್ಳ, ಕೋಡಿ ಕಾಲುವೆ ಅದರಲ್ಲಿ ಗುರುತಾಗಿವೆಯೇ ನೋಡಿ. ಬಿಟ್ಟುಹೋಗಿದ್ದರೆ ಅವತ್ತೇ ಬರೆದು ಕೊಡಿ. ಕೆರೆಯ ಸುತ್ತ ಬಿಡುವ ಅಂಚನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ನಮ್ಮ ವಿಧಾನಮಂಡಲಕ್ಕೇ ಬಂತು. ದೊಡ್ಡ ಕೆರೆಗೆ ನೀರು ಕೊಡುವುದು ಸಣ್ಣ ಕೆರೆಗಳೇ ಎಂದು ನಿಮ್ಮ ಶಾಸಕರಿಗೆ ಹೇಳುವ ಕೆಲಸ ನಿಮ್ಮದು.

ಸೈಟು ಕೊಳ್ಳಹೊರಟವರಿಗೂ ಒಂದು ಮಾತು. ಆನೆಗೊಂದಿ ಬದಿಯ ವಿರೂಪಾಪುರ ಗಡ್ಡೆಯನ್ನು ನೆನೆಯಿರಿ. ನದಿ ನಡುವಿನ ಆ ಜಾಗದಲ್ಲಿ ಎದ್ದ ರೆಸಾರ್ಟ್‌ಗಳು ವರ್ಷಗಟ್ಟಲೆ ನಡೆದವು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ತೆರವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅದಕ್ಕೂ ಮುಂಚೆ, 2019ರ ಆಗಸ್ಟ್‌ನ ಪ್ರವಾಹದಲ್ಲಿ ಅಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ರಕ್ಷಿಸಬೇಕಾಗಿ ಬಂದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಸುತ್ತ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಹಣವಿದ್ದವರ ಗತಿ ಇದಾದರೆ, ಇಪ್ಪತ್ತು ವರ್ಷದ ಸಾಲ ಮಾಡಿ ಸೈಟು ಕೊಂಡ ಮೇಷ್ಟ್ರ ಗತಿಯೇನು? ದಲ್ಲಾಳಿ ತೋರಿಸುವ ನಕ್ಷೆಗಿಂತ ಊರ ನಕ್ಷೆಯನ್ನು ಮೊದಲು ನೋಡಿ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಕೇಳಿ. ಜೋರು ಮಳೆ ಬಂದ ದಿನ ಹೋಗಿ ಜಾಗ ನೋಡಿ.

ಕೊನೆಗೆ ನಡತೆಯ ಮಾತು. ಜಮೀನು ಮಾರಿದ ರೈತನನ್ನು ಬಯ್ಯಬೇಡಿ. ನೀರು ಕೊಡದೆ ಅವನನ್ನು ಆ ಸ್ಥಿತಿಗೆ ತಂದದ್ದು ಇಡೀ ಊರು. ಏರಿಯ ಪಕ್ಕ ಗುಡಿಸಲು ಹಾಕಿಕೊಂಡ ಬಡವರನ್ನೂ ನೂರು ಸೈಟಿನ ಬಡಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗುಡಿಸಲಿನವರಿಗೆ ಬೇರೆ ಜಾಗ ಕೊಡಿಸಿದ ಮೇಲೆ ಎಬ್ಬಿಸುವ ಮಾತಾಡಿ. ಗೊತ್ತಿಲ್ಲದ ಅಂಕಿ ಹೇಳಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಹತ್ತು ನಿಜವೂ ಬಿದ್ದುಹೋಗುತ್ತವೆ. ಚುನಾವಣೆ ಹತ್ತಿರ ಬಂದಾಗ ಹಾರ ಹಾಕಲು ಬರುವವರಿಗೆ ನಿಮ್ಮ ಮೈಕು ಕೊಡಬೇಡಿ. ಬರಲಿರುವ ಬಡಾವಣೆಯ ಚರಂಡಿಯ ಬಗ್ಗೆ ಮಾತಾಡುವ ಮೊದಲು ನಿಮ್ಮ ಓಣಿಯ ಚರಂಡಿ ಎಲ್ಲಿಗೆ ಹೋಗಿ ಬೀಳುತ್ತದೆಂದು ನೋಡಿ. ಅದೂ ಕೆರೆಗೇ ಬೀಳುತ್ತಿದ್ದರೆ ಮೊದಲ ಅರ್ಜಿ ಅದರ ಮೇಲೆ ಹಾಕಿ.

ಬಡಾವಣೆ ನಿಂತರೂ ಗೆದ್ದೆವೆಂದು ಮನೆಗೆ ಹೋಗಬೇಡಿ. ಕೆರೆಗೆ ನೀರು ಬಾರದಿದ್ದರೆ ಐದು ವರ್ಷಕ್ಕೆ ಇನ್ನೊಬ್ಬ ದಲ್ಲಾಳಿ ಬರುತ್ತಾನೆ. ಕೆರೆ ತುಂಬಿ ತೂಬಿನಲ್ಲಿ ನೀರು ಹರಿದರೆ ಅಚ್ಚುಕಟ್ಟಿನ ರೈತ ಜಮೀನು ಮಾರುವುದಿಲ್ಲ, ನೀವು ಧರಣಿ ಕೂರುವ ಪ್ರಮೇಯವೂ ಬರುವುದಿಲ್ಲ. ಈ ಭಾನುವಾರ ಹಳ್ಳದ ಹಾದಿ ನಡೆದು ಬನ್ನಿ, ಸೋಮವಾರ ಗ್ರಾಮ ನಕ್ಷೆಗೆ ಅರ್ಜಿ ಕೊಡಿ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹಳ್ಳ ಬಿಡಿಸುವ ಕೆಲಸವನ್ನು ಪಂಚಾಯಿತಿಯಿಂದ ಕೇಳಿ ಮಾಡಿಸಿ. ಅದನ್ನು ಬಿಡದೆ ಮಾಡಿಸುವವರು ಊರಿಗೆ ನಾಲ್ಕು ಜನರಿದ್ದರೆ ಸಾಕು. ಆ ನಾಲ್ವರಲ್ಲಿ ನೀವಿರಿ.