ಪುಟ್ಟ ಕೈಗಳಿಗೆ ಶರತ್ಕಾಲದ ಕೆಲಸ

ದಸರೆಯಿಂದ ದೀಪಾವಳಿಯವರೆಗೆ ಅಂಗನವಾಡಿ, ಶಿಶುವಿಹಾರ, ಡೇ ಕೇರ್‌ಗಳಲ್ಲಿ ಚಿಕ್ಕ ಮಕ್ಕಳಿಂದ ಏನು ಮಾಡಿಸಬಹುದು, ಏನು ಕೂಡದು ಎಂದು ಕೇಳಿ ಬಂದ ಪತ್ರಗಳಿಗೆ ಉತ್ತರ.

ಮಗಳಿಗೆ ಮೂರೂವರೆ ವರ್ಷ. ಡೇ ಕೇರ್‌ನಲ್ಲಿ ‘ಆಟಮ್ ಕ್ರಾಫ್ಟ್’ ಅಂತ ಕೆಂಪು ಮೇಪಲ್ ಎಲೆಗಳನ್ನು ಕತ್ತರಿಸಿ ಅಂಟಿಸಿ ಕಳಿಸಿದ್ದಾರೆ. ನೋಡಲು ತುಂಬ ನೀಟಾಗಿದೆ. “ಇದರಲ್ಲಿ ನೀನೇನು ಮಾಡಿದೆ?” ಅಂದರೆ “ಮಿಸ್ ಮಾಡಿದ್ರು” ಅನ್ನುತ್ತಾಳೆ. ಇದರಿಂದ ಮಗುವಿಗೆ ಪ್ರಯೋಜನ ಇದೆಯೇ ಮೇಡಂ?
– ಒಬ್ಬ ತಾಯಿ, ಬೆಂಗಳೂರು

ಮಗಳು ಸರಿಯಾಗಿಯೇ ಹೇಳಿದ್ದಾಳೆ. ಅದು ಮಿಸ್ ಮಾಡಿದ ಕೆಲಸ, ನಿಮಗೆ ತೋರಿಸಲೆಂದು ಮಾಡಿದ್ದು. ಮೂರೂವರೆ ವರ್ಷದ ಮಗು ಕಾಗದ ಹರಿಯಬಲ್ಲದು, ಬೆರಳಿಂದ ಅಂಟು ಸವರಬಲ್ಲದು, ಮೊಂಡು ಕತ್ತರಿ ಕೊಟ್ಟರೆ ಕಾಗದದ ಅಂಚನ್ನು ಕಚಕಚ ಕತ್ತರಿಸಬಲ್ಲದು. ಮೇಪಲ್ ಎಲೆಯ ಮೊನೆಮೊನೆಯನ್ನೂ ಗೆರೆ ಹಿಡಿದು ಕತ್ತರಿಸುವುದು ಆ ವಯಸ್ಸಿನ ಕೈಗೆ ಸಾಧ್ಯವಿಲ್ಲ. ಹಾಗಾಗಿ ದೊಡ್ಡವರು ಕತ್ತರಿಸುತ್ತಾರೆ, ಮಗು ಕೂತು ನೋಡುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಆಶ್ವಯುಜ, ಕಾರ್ತಿಕದಲ್ಲಿ ಮರಗಳು ಬೋಳಾಗುವುದಿಲ್ಲ, ಮಳೆ ಕುಡಿದು ಹಸಿರಾಗಿಯೇ ಇರುತ್ತವೆ. ಎಲೆ ಉದುರುವುದು ಮುಂದೆ, ಚಳಿ ಕಳೆಯುವ ಹೊತ್ತಿಗೆ. ಈಗ ಬೆಳಗ್ಗೆ ಎದ್ದರೆ ನೆಲದ ಮೇಲೆ ಬಿದ್ದಿರುವುದು ಪಾರಿಜಾತ. ಮಾರುಕಟ್ಟೆ ತುಂಬ ಚೆಂಡುಹೂ, ಸೇವಂತಿಗೆ. ಬೇಲಿಯ ಮೇಲೆ ಶಂಖಪುಷ್ಪ. ಮಗಳು ತನ್ನ ಬೀದಿಯಲ್ಲಿ ಎಂದೂ ಕಾಣದ ಎಲೆಗಿಂತ ಇವನ್ನು ಅವಳ ಕೈಗೆ ಕೊಡಿ.

ಶಂಖಪುಷ್ಪದ ನಾಲ್ಕಾರು ದಳ ಬಿಸಿನೀರಿಗೆ ಹಾಕಿದರೆ ನೀರು ನೀಲಿಯಾಗುತ್ತದೆ. ಆರಿದ ಮೇಲೆ ಮಗುವೇ ನಿಂಬೆಹಣ್ಣು ಹಿಂಡಲಿ, ನೀಲಿ ನೇರಳೆಗೆ ತಿರುಗಿ ಗುಲಾಬಿಯಾಗುವುದನ್ನು ಕಣ್ಣೆದುರೇ ಕಾಣುತ್ತಾಳೆ. ಅರಿಶಿನದ ನೀರು ಬಳಿದು ಒಣಗಿಸಿದ ಕಾಗದದ ಮೇಲೆ ಸೋಪಿನ ನೀರಿನಲ್ಲಿ ಅದ್ದಿದ ಬೆರಳು ಒತ್ತಿದರೆ ಕೆಂಪು ಗುರುತು ಮೂಡುತ್ತದೆ. ಓಕುಳಿಗೆ ನಾವು ಸುಣ್ಣ ಬಳಸುತ್ತೇವೆ ನಿಜ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಮಕ್ಕಳ ಹತ್ತಿರ ಅದನ್ನು ತರಲೇಬೇಡಿ.

ಡೇ ಕೇರ್‌ನವರಿಗೆ ಒಂದು ಮಾತು ಹೇಳಿ: “ಸೊಟ್ಟಗಿದ್ದರೂ ಪರವಾಗಿಲ್ಲ, ಅವಳೇ ಮಾಡಿದ್ದನ್ನು ಕಳಿಸಿ.” ಎಷ್ಟೋ ಟೀಚರುಗಳು ತಂದೆತಾಯಂದಿರು ಏನೆಂದುಕೊಳ್ಳುತ್ತಾರೋ ಎಂದು ಅಂಜಿಯೇ ತಿದ್ದಿ ತೀಡಿ ಕಳಿಸುವುದು.

ನಮ್ಮ ಕೇಂದ್ರದಲ್ಲಿ ಮೂರರಿಂದ ಆರು ವರ್ಷದ ಹದಿನೆಂಟು ಮಕ್ಕಳಿದ್ದಾರೆ. ಭೂಮಿ ಹುಣ್ಣಿಮೆ ಹತ್ತಿರ ಬಂತು. ಏನಾದರೂ ಮಾಡಿಸೋಣ ಎಂದರೆ ಸಾಮಾನಿಗೆ ದುಡ್ಡಿಲ್ಲ. ಕೆಲವು ಪೋಷಕರು ಬೇರೆ, “ಮಣ್ಣಾಡಿಸೋಕೆ ಅಂಗನವಾಡಿ ಬೇಕಾ, ಅ ಆ ಇ ಈ ಬರೆಸಿ” ಅನ್ನುತ್ತಾರೆ.
– ಅಂಗನವಾಡಿ ಕಾರ್ಯಕರ್ತೆ, ಸಾಗರ ತಾಲ್ಲೂಕು

ಮೊದಲು ಪೋಷಕರ ಮಾತಿಗೆ ಬರೋಣ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗಿನಿಂದ ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು, ಅದು ಆಟ ಪಾಠ ಕೂಡಿದ ಶಿಕ್ಷಣ. ಮಣ್ಣು ನಾದುವ, ಕಡ್ಡಿ ಹಿಡಿದು ಗೆರೆ ಎಳೆಯುವ ಬೆರಳಿಗೇ ನಾಳೆ ಪೆನ್ಸಿಲ್ ಒಗ್ಗುವುದು. ಇದನ್ನು ಪೋಷಕರಿಗೆ ಬಾಯಲ್ಲಿ ಹೇಳುವುದಕ್ಕಿಂತ ಒಂದು ದಿನ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸಾಮಾನಿನ ಚಿಂತೆ ನಿಮಗೆ ಬೇಡ. ನೀವಿರುವುದು ಭೂಮಣ್ಣಿ ಬುಟ್ಟಿಯ ಸೀಮೆಯಲ್ಲಿ! ಬಸಿರಾದ ಗದ್ದೆಗೆ ಬಯಕೆಯ ಊಟ ಹೊತ್ತು ಹೋಗುವ ಬುಟ್ಟಿಗೆ ದೀವರ ಮನೆಯ ಹೆಣ್ಣುಮಕ್ಕಳು ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಚಿತ್ತಾರ ಬರೆಯುವುದನ್ನು ನಿಮ್ಮ ಮಕ್ಕಳು ಮನೆಯಲ್ಲೇ ನೋಡುತ್ತಾರೆ. ನೀವು ಬುಟ್ಟಿಯ ಬದಲು ಒಣಗಿದ ಅಡಿಕೆ ಹಾಳೆ ತಗೊಳ್ಳಿ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಅಂಗೈಯಗಲದ ತುಂಡು ಮಾಡಿ, ಚೂಪಾದ ಅಂಚನ್ನು ನೀವೇ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿಡಿ.

ಕೆಮ್ಮಣ್ಣನ್ನು ಜನ, ದನ, ನಾಯಿ ಓಡಾಡದ ಕಡೆ ಸ್ವಲ್ಪ ಆಳದಿಂದ ಅಗೆದು ತನ್ನಿ. ಕಲ್ಲು ಆರಿಸುವುದು, ಪುಡಿ ಮಾಡುವುದು, ಜರಡಿ ಹಿಡಿಯುವುದು ಮಕ್ಕಳ ಕೆಲಸ. ಇದಕ್ಕೇ ಒಂದು ಬೆಳಗು ಹೋದರೆ ಹೋಗಲಿ, ಅವಸರ ಮಾಡಬೇಡಿ. ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಹಾಳೆಗೆ ಅಂಗೈಯಿಂದಲೇ ಬಳಿಯಲಿ. ಪೂರ್ತಿ ಒಣಗಲು ಬಿಡಿ, ಹಸಿ ಮಣ್ಣಿನ ಮೇಲೆ ಬಿಳಿ ಹಚ್ಚಿದರೆ ಎರಡೂ ಕಲಸಿಹೋಗುತ್ತವೆ. ಮಾರನೇ ದಿನ, ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟಿನ ಬಿಳಿ. ಚಿತ್ತಾರಗಿತ್ತಿಯರು ಪುಂಡಿ ನಾರಿನ ಕುಂಚ ಹಿಡಿಯುತ್ತಾರೆ. ಐದು ವರ್ಷದವರಿಗೆ ಹಾಗೆ ನಾರು ಜಜ್ಜಿ ಕಟ್ಟಿಕೊಡಿ, ಉದ್ದ ಗೆರೆ, ಅಡ್ಡ ಗೆರೆ ಎಳೆಯುತ್ತಾರೆ. ಮೂರು ವರ್ಷದವರಿಗೆ ಬೆರಳ ತುದಿಯೇ ಸಾಕು, ಸಾಲಾಗಿ ಚುಕ್ಕಿ ಇಡಲಿ. ಸಾಲು ಸೊಟ್ಟಗಾದರೆ ಕೈ ಹಿಡಿದು ತಿದ್ದಬೇಡಿ. ಊರಲ್ಲಿ ಚಿತ್ತಾರ ಬಲ್ಲ ಅಜ್ಜಿ ಇದ್ದರೆ ಅವರನ್ನು ಕರೆಸಿ, ಮಕ್ಕಳ ನಡುವೆ ಕೂತು ಅವರು ತಮ್ಮಷ್ಟಕ್ಕೆ ಬರೆಯಲಿ, ಬೇರೆ ಪಾಠ ಬೇಕಾಗಿಲ್ಲ. ಕೊನೆಗೆ ಉಗುರಿನ ಸಂದಿಯವರೆಗೂ ಸೋಪು ಹಚ್ಚಿ ಕೈ ತೊಳೆಸುವುದನ್ನು ಸಹಾಯಕಿಗೆ ವಹಿಸಿ.

ಗೋಂದಿನ ಬಾಟಲಿ ವಾರಕ್ಕೊಂದು ಖಾಲಿ. ಮನೆಯಲ್ಲೇ ಅಂಟು ಮಾಡುವುದು ಹೇಗೆ?
– ಶಿಶುವಿಹಾರ ಶಿಕ್ಷಕಿ, ಹಾವೇರಿ

ಮೈದಾ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತ ಗಂಜಿಯಾಗಿ ಕಾಯಿಸಿ, ಆರಿಸಿ. ಅಂದಂದಿನದು ಅಂದೇ ಮಾಡಿಕೊಳ್ಳಿ. ಹುಳ ಹಿಡಿಯದಿರಲೆಂದು ಬುಕ್ ಬೈಂಡಿಂಗಿನವರು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಬೆರಳು ಚೀಪುವ ಮಕ್ಕಳಿರುವಲ್ಲಿ ಸುತರಾಂ ಬೇಡ. ನಿಮ್ಮ ಕಡೆ ಈಗ ಮೆಕ್ಕೆಜೋಳ ಮುರಿಯುವ ಕಾಲ. ತೆನೆಯ ಒಣ ಸಿಪ್ಪೆಯನ್ನು ನೀರಲ್ಲಿ ನೆನೆಸಿದರೆ ಬಟ್ಟೆಯಷ್ಟು ಮೆತ್ತಗಾಗುತ್ತದೆ. ಮಡಚಿ, ಕುತ್ತಿಗೆಗೊಂದು, ಸೊಂಟಕ್ಕೊಂದು ದಾರ ಕಟ್ಟಿದರೆ ಗೊಂಬೆ. ಅದಕ್ಕೆ ಅಂಟೇ ಬೇಡ.

ನಮ್ಮಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿದ್ದಾರೆ. ಜೇಡಿಮಣ್ಣಿನ ಹಣತೆಗೆ ಗುಲಗಂಜಿ, ಆನೆಗುಲಗಂಜಿ ಒತ್ತಿ ಅಲಂಕಾರ ಮಾಡಿಸಬೇಕೆಂದು ಒಂದು ಡಬ್ಬಿ ಬೀಜ ಕೂಡಿಟ್ಟಿದ್ದೇವೆ. ಬೇರೆ ಯಾವ ಬೀಜ ಸೇರಿಸಬಹುದು?
– ಮಕ್ಕಳ ಮನೆ ನಡೆಸುವವರು, ಪುತ್ತೂರು

ದಯವಿಟ್ಟು ಆ ಡಬ್ಬಿಯನ್ನು ಇವತ್ತೇ ಮಕ್ಕಳ ಮನೆಯಿಂದ ಹೊರಗೆ ಹಾಕಿ. ಗುಲಗಂಜಿಯೊಳಗೆ ಅಬ್ರಿನ್ ಎಂಬ ಕಡುವಿಷವಿದೆ. ಗಟ್ಟಿ ಸಿಪ್ಪೆ ಒಡೆಯದೆ ಹೊಟ್ಟೆಗೆ ಹೋದರೆ ಹಾಗೇ ಹೊರಬರಬಹುದು, ಅಗಿದರೆ ಅಥವಾ ದಾರ ಪೋಣಿಸಲು ತೂತು ಮಾಡಿದ್ದರೆ ಜೀವಕ್ಕೇ ಅಪಾಯ. ಔಡಲ ಬೀಜವೂ ಅಷ್ಟೇ. ಕಣಗಿಲೆಯ ಹೂವು, ಎಲೆ ಎರಡೂ ವಿಷ. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು. ಗುಡ್ಡದ ಬದಿ ಕಾಯಿ ಆರಿಸಲು ಹೋದಾಗ ನಸುಗುನ್ನಿ ಬಳ್ಳಿ ಇದೆಯೇ ನೋಡಿಕೊಳ್ಳಿ, ಅದರ ರೋಮ ತಾಗಿದರೆ ಮಕ್ಕಳು ತುರಿಸಿ ತುರಿಸಿ ಅಳುತ್ತಾರೆ.

ಆನೆಗುಲಗಂಜಿಯ ವಿಚಾರ ಬೇರೆ, ಆದರೂ ಎರಡು ವರ್ಷದ ಮಗುವಿನ ಕೈಗೆ ಅದು ಕೂಡದು. ಆ ವಯಸ್ಸಿನವರು ಸಿಕ್ಕಿದ್ದನ್ನು ಬಾಯಿಗಿಡುತ್ತಾರೆ, ಕಿವಿಗೂ ಮೂಗಿಗೂ ತುರುಕಿಕೊಳ್ಳುತ್ತಾರೆ. ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆಯೊಳಗೆ ತೂರಿಹೋಗುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನವರಿಗೆ ಕೊಡಬೇಡಿ. ಹಣತೆಗೆ ಬೀಜವೇ ಏಕೆ? ಹಸಿ ಮಣ್ಣಿನ ಮೇಲೆ ಜರೀಗಿಡದ ಎಲೆ ಒತ್ತಿ ತೆಗೆದರೆ ನರನರವೂ ಅಚ್ಚಾಗುತ್ತದೆ. ಆಡಲು ಕಾಯಿಯೇ ಬೇಕೆಂದರೆ ಗುಲ್‌ಮೊಹರ್ ಮರದ ಉದ್ದನೆಯ ಕತ್ತಿಕಾಯಿ ಇದೆ. ಒಡೆಯದೆ, ಬಿರುಕಿಲ್ಲದ್ದನ್ನೇ ಆರಿಸಿ. ಬಣ್ಣ ಬಳಿಯಬಹುದು, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ.

ದೀಪಾವಳಿಗೆ ಪ್ಲಾಸ್ಟಿಕ್ಕಿನ ಎಲ್‌ಇಡಿ ಹಣತೆ ತರುವ ಯೋಚನೆ ಇದ್ದರೆ ಅದನ್ನೂ ಬಿಡಿ. ಹಲವದರ ಅಡಿಯಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಲು ಶುರುವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಒಂದೂವರೆ ವರ್ಷದ ಮಗನ ಡೇ ಕೇರ್‌ನವರು ಮನೆಯಿಂದ ‘ಫಾಲ್’ ಎಲೆಗಳನ್ನು ತರಲು ಹೇಳಿದ್ದಾರೆ. ಮನೆಯಲ್ಲಿ ದಸರಾ ಗೊಂಬೆಯನ್ನೂ ಕೂರಿಸುತ್ತೇವೆ. ಇಷ್ಟು ಚಿಕ್ಕವನು ಏನು ಮಾಡಿಯಾನು?
– ಒಬ್ಬ ತಂದೆ

ನಿಮ್ಮ ಬೀದಿಯಲ್ಲಿ ಮೇಪಲ್ ನಿಜವಾಗಿಯೂ ಕೆಂಪಾಗಿ ಉದುರುತ್ತಿದೆ, ಅದನ್ನೇ ಆರಿಸಿ. ಅವನೇ ಬಗ್ಗಿ ಹೆಕ್ಕಲಿ, ಬುಟ್ಟಿಗೆ ಹಾಕಲಿ, ಚೆಲ್ಲಲಿ, ಮುಷ್ಟಿಯಲ್ಲಿ ಹಿಡಿದು ಪರಪರ ಪುಡಿ ಮಾಡಲಿ. ಪುಸ್ತಕಕ್ಕೆ ಹಾಕುವ ಅಂಟು ಬೈಂಡನ್ನು ಅಂಟಿನ ಮೈ ಮೇಲಾಗಿ ಗೋಡೆಗೆ ಹಚ್ಚಿಕೊಟ್ಟರೆ ಎಲೆಗಳನ್ನು ತಾನೇ ಅಂಟಿಸುತ್ತಾನೆ. ಓಕ್ ಮರದ ಕೆಳಗಿನ ಏಕಾರ್ನ್ ಕಾಯಿ ಮಾತ್ರ ಅವನ ಗಂಟಲಿನ ಅಳತೆಯದು, ಅದು ಬೇಡ. ಮೂರು ಮೂರು ಎಲೆಗಳ ಪಾಯ್ಸನ್ ಐವಿ ಬಳ್ಳಿಯೂ ಈ ಕಾಲಕ್ಕೆ ಚೆಂದವಾಗಿ ಕೆಂಪಾಗಿರುತ್ತದೆ, ಮುಟ್ಟಿದರೆ ಮೈಯೆಲ್ಲ ದದ್ದು ಏಳುತ್ತದೆ. ನೀವು ಮೊದಲು ಗುರುತು ಹಿಡಿದುಕೊಂಡು ಆಮೇಲೆ ಮಗನನ್ನು ಇಳಿಸಿ.

ಗೊಂಬೆಯ ವಿಷಯಕ್ಕೆ ಬಂದರೆ, ಪಟ್ಟದ ಗೊಂಬೆ, ಮಣ್ಣಿನ ಗೊಂಬೆಗಳೆಲ್ಲ ಮೇಲಿನ ಮೆಟ್ಟಿಲಿಗೆ ಹೋಗಲಿ. ಕೆಳಗಿನ ಮೆಟ್ಟಿಲು ಅವನಿಗೆ. ಬಟ್ಟೆಗೊಂಬೆ, ಬಿಡಿಭಾಗ ಕಳಚದ ದೊಡ್ಡ ಚನ್ನಪಟ್ಟಣದ ಆಟಿಕೆ ಇಟ್ಟುಕೊಡಿ. ಅವನು ದಿನಕ್ಕೆ ಹತ್ತು ಸಲ ಎತ್ತಿ ಬೇರೆ ಕಡೆ ಇಟ್ಟರೂ ನೀವು ಸರಿಮಾಡಲು ಹೋಗಬೇಡಿ.