ಬೇಸಿಗೆಯಲ್ಲಿ ಅರ್ಥಿಂಗಿಗೂ ನೀರು ಬೇಕು

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಮ್ಮ ಎತ್ತು ಬೋರಿನ ಸ್ಟಾರ್ಟರ್ ಕೂರಿಸಿದ್ದ ಕಬ್ಬಿಣದ ಕಂಬಕ್ಕೆ ಮೈ ಉಜ್ಜಿತು. ಅಲ್ಲೇ ಬಿದ್ದು ಪ್ರಾಣ ಬಿಟ್ಟಿತು. ಫ್ಯೂಸ್ ಹೋಗಿರಲಿಲ್ಲ. ಅರ್ಥಿಂಗ್ ತಂತಿಯೂ ಕಡಿದಿರಲಿಲ್ಲ. ಮೇನ್ ತೆಗೆದು ಗುಂಡಿ ಬಗೆದು ನೋಡಿದರೆ ಮಣ್ಣು ಬರೀ ಪುಡಿ. ತೇವದ ಹೆಸರೇ ಇಲ್ಲ.

ಒಣ ಮಣ್ಣಲ್ಲಿ ಕರೆಂಟು ಸುಲಭವಾಗಿ ಹರಿಯೋದಿಲ್ಲ. ಮಣ್ಣಿನೊಳಗಿನ ನೀರು, ಅದರಲ್ಲಿ ಕರಗಿದ ಉಪ್ಪಿನಂಶ, ಇವೇ ಅದಕ್ಕೆ ದಾರಿ. ಅರ್ಥಿಂಗಿನ ಭಾರತೀಯ ಮಾನಕ ಐಎಸ್ 3043 ಹೇಳೋದೂ ಇದನ್ನೇ: ತೇವ ನೂರಕ್ಕೆ 20ರ ಮೇಲಿದ್ದರೆ ಹೆಚ್ಚು ವ್ಯತ್ಯಾಸವಿಲ್ಲ, 20ಕ್ಕಿಂತ ಇಳಿದರೆ ಮಣ್ಣಿನ ತಡೆ ಒಮ್ಮೆಲೇ ಏರುತ್ತದೆ. ನಮ್ಮಂಥ ಕೆಂಪು ಗರಸು ನೆಲ ನೀರು ಹಿಡಿದಿಡೋದಿಲ್ಲ. ಎರೆ ನೆಲ ಹಿಡಿಯುತ್ತೆ, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತೆ.

ಒಂದು ಲೆಕ್ಕ ನೋಡಿ. ಟಿಸಿ ಕಡೆಯ ತಡೆ ಸದ್ಯಕ್ಕೆ ಬಿಡೋಣ. ಒಂದು ಫೇಸ್ 230 ವೋಲ್ಟ್. ಅರ್ಥಿಂಗಿನ ತಡೆ 5 ಓಮ್ ಇದ್ದರೆ ಸೋರುವ ಕರೆಂಟು 46 ಆಂಪಿಯರ್. 15 ಆಂಪಿಯರ್ ಫ್ಯೂಸ್ ಬೇಗ ಸುಟ್ಟು ಲೈನು ಕಡಿಯುತ್ತೆ. ಮಣ್ಣು ಒಣಗಿ ತಡೆ 100 ಓಮ್ ಆಯ್ತು ಅನ್ನಿ, ಬರೀ 2.3 ಆಂಪಿಯರ್. ಫ್ಯೂಸಿಗೆ ಗೊತ್ತೇ ಆಗೋದಿಲ್ಲ, ಪೆಟ್ಟಿಗೆ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತೆ. ಅದರ ಮೇಲೆ ಪೈಪು ಸೋರಿ ಬೋರಿನ ಸುತ್ತ ಕೆಸರು. ಅರ್ಥಿಂಗ್ ಒಣಗಿದೆ, ನಮ್ಮ ಕಾಲು ಒದ್ದೆ!

ಈಗ ನಾನು ಮಾಡಿರೋದು ಇಷ್ಟು:

1. ಒಂದೂವರೆ ಇಂಚಿನ, ಎರಡೂವರೆ ಮೀಟರ್ ಉದ್ದದ ತೂತು ಕೊರೆದ ಜಿಐ ಪೈಪು ಹೂಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿದೆ. ಇದ್ದಿಲು ತೇವ ಹಿಡಿಯುತ್ತೆ. ಉಪ್ಪು ಮಳೆಗೆ ತೊಳೆದುಹೋಗುತ್ತೆ, ಪೈಪನ್ನೂ ತಿನ್ನುತ್ತೆ. ಹಾಗಾಗಿ ಆಗಾಗ ನೋಡಬೇಕು.

2. ಪೈಪಿನ ಬಾಯಿಗೆ ಆಲಿಕೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಎರಡು ಕೊಡ ನೀರು. ಮೇನ್ ತೆಗೆದ ಮೇಲೇ ಹತ್ತಿರ ಹೋಗೋದು.

3. ತಡೆ ಅಳತೆ ಮಾಡಿಸೋದು ಬೇಸಿಗೆಯಲ್ಲೇ. ಮಳೆಗಾಲದ ಅಳತೆ ನಂಬಿ ಕೂರಬಾರದು.

4. 30 ಮಿಲಿಆಂಪಿಯರ್ ಸೋರಿದರೂ ಲೈನು ಕಡಿಯುವ ಇಎಲ್‌ಸಿಬಿ ಹಾಕಿಸಿದೆ. ಹಾಗಂತ ಅರ್ಥಿಂಗ್ ಮರೆಯೋ ಹಾಗಿಲ್ಲ.

ಆ ದಿನ ಸ್ಟಾರ್ಟರ್ ಒತ್ತಲು ಹೊರಟಿದ್ದವನು ನನ್ನ ಮಗ. ಎತ್ತು ಅವನಿಗಿಂತ ಮುಂದಿತ್ತು, ಅಷ್ಟೆ. ಗಿಡಕ್ಕೆ ನೀರು ಬಿಡುವಾಗ ಈ ಪೈಪಿಗೂ ಎರಡು ಕೊಡ ಸುರಿಯಿರಿ.