ಮೋಟಾರು ಗಾಡಿಯ ಮುಂಗಾಜು ತೊಳೆಯುವ ಉಪಕರಣ ಸೋರಿದರೆ ಮಾಡತಕ್ಕ ದುರಸ್ತು

ಬೇಸಾಯಗಾರನ ಉಪಕರಣಗಳಲ್ಲಿ ಮೋಟಾರು ಗಾಡಿಯನ್ನೂ ಈಗ ಸೇರಿಸಿ ಎಣಿಸಬೇಕಾಗಿದೆ. ತರಕಾರಿಯನ್ನು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಸಾಗಿಸುವುದಕ್ಕೂ, ಬೀಜ ಗೊಬ್ಬರಗಳನ್ನು ತರುವುದಕ್ಕೂ ಅನೇಕ ಜಮೀನುದಾರರು ಕಾರು, ಜೀಪು ಅಥವಾ ಸಣ್ಣ ಸರಕು ಗಾಡಿಯನ್ನು ಇಟ್ಟುಕೊಂಡಿರುವರು. ಎಂಜಿನ್ನು, ಬ್ರೇಕುಗಳ ವಿಷಯದಲ್ಲಿ ಎಚ್ಚರಿಕೆಯಿಂದಿರುವ ಇವರು ಮುಂಗಾಜಿಗೆ ನೀರು ಚಿಮ್ಮಿಸುವ ಉಪಕರಣ ಸೋರಿದರೆ ಅದನ್ನು ಲಕ್ಷಿಸುವುದಿಲ್ಲ. ಸೋರಿದ್ದು ನೀರು ತಾನೆ ಎಂಬುದು ಸಾಮಾನ್ಯ ಭಾವನೆ. ಅದು ಸರಿಯಾದುದಲ್ಲ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯು ಸೆಕೆಂಡಿಗೆ ಸುಮಾರು 17 ಮೀಟರು ಸಾಗುವುದು. ಮುಂದಿನ ಲಾರಿಯ ಚಕ್ರದಿಂದ ಕೆಸರು ಸಿಡಿದು ಮೂರು ಸೆಕೆಂಡು ದಾರಿ ಕಾಣದಿದ್ದರೆ 50 ಮೀಟರು ಕಣ್ಣು ಕಟ್ಟಿಕೊಂಡು ಓಡಿಸಿದಂತಾಗುವುದು. ಆ ದೂರದೊಳಗೆ ಎತ್ತಿನ ಗಾಡಿ ಇರಬಹುದು, ಶಾಲೆಗೆ ಹೋಗುವ ಮಕ್ಕಳಿರಬಹುದು. ನೀರಿಲ್ಲದೆ ವೈಪರನ್ನು ಆಡಿಸಿದರೆ ಕೆಸರು ಗಾಜಿನ ತುಂಬ ಬಳಿದುಕೊಳ್ಳುವುದು. ಒಣ ಧೂಳಾದರೆ ಮರಳಿನ ಕಣಗಳು ಗಾಜನ್ನು ಗೀರುವುವು.

ಉಪಕರಣದ ಭಾಗಗಳು

ಮೈಸೂರು ವ್ಯವಸಾಯ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಕಾಲದಿಂದ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತ ಬಂದಿರುವ ತೋಟಗಾರರಿಗೆ ಇದರ ರಚನೆ ಹೊಸದಲ್ಲ. ಸಿಂಪಡಿಸುವ ಪಂಪಿನಂತೆಯೇ ಇದರಲ್ಲಿಯೂ ಒಂದು ತೊಟ್ಟಿ, ಒಂದು ಪಂಪು, ಕೊಳವೆ ಮತ್ತು ನಾಜಲುಗಳಿವೆ. ತೊಟ್ಟಿಯು ಪ್ಲಾಸ್ಟಿಕ್ಕಿನದು, ಬಾನೆಟ್ಟಿನ ಕೆಳಗೆ ಅಥವಾ ಮುಂಚಕ್ರದ ಬಳಿ ಇರುವುದು. ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪನ್ನು ತೊಟ್ಟಿಯ ತಳದ ರಂಧ್ರದಲ್ಲಿ ಗ್ರಾಮೆಟ್ ಎಂಬ ರಬ್ಬರ್ ಬಳೆಯ ಮೂಲಕ ಒತ್ತಿ ಕೂರಿಸಿರುವರು. ಅಲ್ಲಿಂದ ಹೊರಟ ಕೊಳವೆಯು ಕವಲಾಗಿ ನಾಜಲುಗಳನ್ನು ಸೇರುವುದು.

ಸೋರುವ ಸ್ಥಳವನ್ನು ಕಂಡುಹಿಡಿಯುವ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ತಣ್ಣಗಾದ ಮೇಲೆ ತೊಟ್ಟಿಯನ್ನು ತುಂಬ ನೀರಿನಿಂದ ತುಂಬತಕ್ಕದ್ದು. ಕೆಳಗೆ ಒಣಗಿದ ಹಳೆಯ ಕಾಗದಗಳನ್ನು ಹಾಸಿ ಅರ್ಧ ಗಂಟೆ ಬಿಡಬೇಕು.

1. ಪಂಪನ್ನು ನಡೆಸದೆಯೇ ಕಾಗದ ನೆನೆದರೆ ದೋಷವು ತೊಟ್ಟಿಯಲ್ಲಿ, ಗ್ರಾಮೆಟ್ಟಿನಲ್ಲಿ ಅಥವಾ ಪಂಪಿನಲ್ಲಿದೆಯೆಂದು ಬಹುಮಟ್ಟಿಗೆ ಹೇಳಬಹುದು. ನೀರು ಸ್ವಲ್ಪ ಇಳಿದು ಒಂದು ಮಟ್ಟದಲ್ಲಿ ನಿಂತುಬಿಟ್ಟರೆ ಆ ಮಟ್ಟದಲ್ಲಿಯೇ ತೊಟ್ಟಿ ಬಿರುಕು ಬಿಟ್ಟಿರುವುದು. ಪೂರ್ತಿ ಬರಿದಾದರೆ ತಳದ ಗ್ರಾಮೆಟ್ಟನ್ನು ಮೊದಲು ನೋಡಬೇಕು.

2. ಪಂಪನ್ನು ನಡೆಸಿದಾಗ ಮಾತ್ರ ಸೋರಿದರೆ ದೋಷವು ಸಾಮಾನ್ಯವಾಗಿ ಕೊಳವೆಯಲ್ಲಿ ಅಥವಾ ಅದರ ಸೇರುವೆಗಳಲ್ಲಿರುವುದು. ಒಬ್ಬರು ಗುಂಡಿ ಒತ್ತುತ್ತಿರಲು ಮತ್ತೊಬ್ಬರು ಕೊಳವೆಯ ಉದ್ದಕ್ಕೂ ಕೈಯಾಡಿಸಿ ಒದ್ದೆಯನ್ನು ಹುಡುಕಬೇಕು. ಈ ಪರೀಕ್ಷೆಯನ್ನು ಎಂಜಿನ್ನು ನಿಂತಿರುವಾಗಲೇ ಮಾಡತಕ್ಕದ್ದು.

ಕೊಳವೆಯು ಬಾನೆಟ್ಟಿನ ಕೀಲಿನ ಬಳಿ ಮಡಿಸಿ ಮಡಿಸಿ ಸೀಳುವುದುಂಟು. ಕಣದ ಮನೆಯಲ್ಲಿ, ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ಗಾಡಿಗಳಲ್ಲಿ ಇಲಿಗಳು ಅದನ್ನು ಕಡಿಯುವುದೂ ಉಂಟು.

ದುರಸ್ತು

ಗ್ರಾಮೆಟ್: ಗಾಡಿಯ ಕೀಲಿಯನ್ನು ತೆಗೆದು, ತೊಟ್ಟಿಯ ನೀರನ್ನು ಬರಿದುಮಾಡಿ, ಪಂಪಿನ ವಿದ್ಯುತ್ ತಂತಿಯನ್ನು ಬಿಚ್ಚಬೇಕು. ಪಂಪನ್ನು ಮೆಲ್ಲನೆ ಅಲ್ಲಾಡಿಸಿ ಹೊರಕ್ಕೆಳೆದು, ಗಡುಸಾದ ಹಳೆಯ ಬಳೆಯನ್ನು ತೆಗೆದು, ರಂಧ್ರದ ಅಂಚನ್ನು ಬಟ್ಟೆಯಿಂದ ಒರಸಿ ಹೊಸದನ್ನು ಕೂರಿಸಬೇಕು. ಜಾರುವುದಕ್ಕೆ ನೀರನ್ನು ಸವರಿದರೆ ಸಾಕು. ಎಂಜಿನ್ ಎಣ್ಣೆ, ಗ್ರೀಸುಗಳು ರಬ್ಬರನ್ನು ಕೆಡಿಸುವುವು.

ಕೊಳವೆ: ತುದಿಯಲ್ಲಿ ಸೀಳಿದ್ದರೆ, ಉದ್ದ ಸಾಲುವಂತಿದ್ದಲ್ಲಿ, ಆ ಭಾಗವನ್ನು ನೇರವಾಗಿ ಕತ್ತರಿಸಿ ಮತ್ತೆ ಸೇರಿಸಬಹುದು. ನಡುವೆ ಸೀಳಿದ್ದರೆ ಸೇರುವೆಯ ತುಂಡನ್ನು ಹಾಕಬೇಕು ಅಥವಾ ಅಷ್ಟೇ ಒಳ ಅಳತೆಯ ಹೊಸ ಕೊಳವೆಯನ್ನು ಹಾಕಬೇಕು. ಟೇಪು ಸುತ್ತುವುದರಿಂದ ಪ್ರಯೋಜನವಿಲ್ಲ. ಪಂಪಿನ ಒತ್ತಡಕ್ಕೆ ಅದು ನಿಲ್ಲುವುದಿಲ್ಲ.

ಪಂಪು ಮತ್ತು ತೊಟ್ಟಿ: ಪಂಪಿನ ಒಡಲಿನಿಂದಲೇ ನೀರು ಜಿನುಗಿದರೆ ಪಂಪನ್ನು ಬದಲಾಯಿಸುವುದೇ ಸರಿ. ತೊಟ್ಟಿಯ ಪ್ಲಾಸ್ಟಿಕ್ಕಿಗೆ ಸಾಮಾನ್ಯವಾದ ಅಂಟುಗಳು ಚೆನ್ನಾಗಿ ಹಿಡಿಯುವುದಿಲ್ಲ. ಬಿರುಕು ದೊಡ್ಡದಾದರೆ ಹೊಸ ತೊಟ್ಟಿಯೇ ಮಿತವ್ಯಯವೆನಿಸುವುದು.

ನಾಜಲು: ಕೊಳವೆ ಪದೇ ಪದೇ ಕಳಚಿಕೊಂಡರೆ ನಾಜಲು ಕಟ್ಟಿಕೊಂಡಿದೆಯೆ ಎಂದು ನೋಡತಕ್ಕದ್ದು. ಕೊಳವೆಬಾವಿಯ ಗಡಸು ನೀರಿನ ಸುಣ್ಣವು ಅದರ ಕಿರುರಂಧ್ರದಲ್ಲಿ ಕೂರುವುದು. ನಾಜಲನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಯಿಟ್ಟು, ತೆಳುವಾದ ಸೂಜಿಯಿಂದ ಒತ್ತದೆ ಬಿಡಿಸಬೇಕು.

ಬಿಡಿಭಾಗಗಳು

ಬೆಂಗಳೂರಿನ ಮಾವಳ್ಳಿಗೆ ಹೊಂದಿಕೊಂಡು, ಪುರಭವನದ ಕಡೆಯಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಜಯಚಾಮರಾಜೇಂದ್ರ ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಬರುವ ರೈತರಿಗೆ ಇದು ಬಲು ಸಮೀಪ. ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಹಳೆಯ ಗ್ರಾಮೆಟ್ಟನ್ನೂ ಕೊಳವೆಯ ಒಂದು ತುಂಡನ್ನೂ ಜೊತೆಯಲ್ಲಿ ತಂದು, ಗಾಡಿಯ ಮಾದರಿಯನ್ನೂ ತಯಾರಾದ ವರ್ಷವನ್ನೂ ಹೇಳಿ ಕೊಳ್ಳುವುದು ಲೇಸು. ಅಳತೆ ತಪ್ಪಿದ ಭಾಗದಿಂದ ಪ್ರಯಾಣವೂ ಹಣವೂ ವ್ಯರ್ಥ.

ಮುನ್ನೆಚ್ಚರಿಕೆಗಳು

ಎಂಜಿನ್ನನ್ನು ತಣಿಸುವ ದ್ರವದ ತೊಟ್ಟಿಯೂ ಬಾನೆಟ್ಟಿನ ಕೆಳಗೇ ಇರುವುದು. ಎರಡನ್ನೂ ಗುರುತಿಟ್ಟುಕೊಳ್ಳಬೇಕು, ಅದರ ಮುಚ್ಚಳವನ್ನು ಬಿಸಿಯಿರುವಾಗ ತೆಗೆದರೆ ಕೈ ಮುಖ ಸುಡುವುದು.

ತೊಟ್ಟಿ ಬರಿದಾಗಿರುವಾಗ ಪಂಪನ್ನು ನಡೆಸಬಾರದು. ಬಟ್ಟೆ ಒಗೆಯುವ ಪುಡಿಯನ್ನು ನೀರಿಗೆ ಹಾಕಬಾರದು. ಗಾಜು ತೊಳೆಯಲೆಂದೇ ಮಾಡಿದ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬರಿಯ ನೀರನ್ನೇ ಬಹುಕಾಲ ನಿಲ್ಲಿಸುವುದೂ ಒಳ್ಳೆಯದಲ್ಲ. ಇಂಗ್ಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಇಂಥ ದ್ರವವನ್ನು ಬೆರೆಸದ ನೀರಿಗೂ ಲೀಜಿಯೊನೆಲ್ಲ ಎಂಬ ಸೂಕ್ಷ್ಮಾಣುವಿನಿಂದ ಬರುವ ಶ್ವಾಸಕೋಶದ ರೋಗಕ್ಕೂ ಸಂಬಂಧ ಕಂಡುಬಂದಿತೆಂದು ತಿಳಿಸಿದೆ.

ಬೇಸಾಯಗಾರರು ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಕೀಟನಾಶಕ ಸಿಂಪಡಿಸಿದ ಪಂಪಿನ ಹಳೆಯ ಕೊಳವೆಯನ್ನಾಗಲಿ, ಔಷಧಿಯ ಖಾಲಿ ಡಬ್ಬಿಯಲ್ಲಿ ತಂದ ನೀರನ್ನಾಗಲಿ ಈ ಉಪಕರಣಕ್ಕೆ ಎಂದಿಗೂ ಉಪಯೋಗಿಸಕೂಡದು. ಅನೇಕ ಕಾರುಗಳಲ್ಲಿ ಒಳಕ್ಕೆ ಗಾಳಿ ಹೋಗುವ ದಾರಿಯು ಮುಂಗಾಜಿನ ಬುಡದಲ್ಲಿಯೇ ಇರುವುದು. ಗಾಜಿನ ಮೇಲೆ ಚಿಮ್ಮಿದ ವಿಷವು ಆ ದಾರಿಯಿಂದ ಗಾಡಿಯಲ್ಲಿ ಕುಳಿತ ಹೆಂಗಸರು ಮಕ್ಕಳ ಉಸಿರನ್ನು ಸೇರಬಹುದು.

ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆ ನೇಗಿಲು ಕುಂಟೆಗಳನ್ನು ಸರಿಪಡಿಸಿಕೊಳ್ಳುವಾಗಲೇ ತಮ್ಮ ಗಾಡಿಯ ಈ ಉಪಕರಣವನ್ನೂ ಪರೀಕ್ಷಿಸಿ, ನೆರೆಯವರಿಗೂ ತೋರಿಸಿಕೊಡುವುದು ಉಚಿತ. ಕೆಲಸ ಒಂದು ಬೆಳಗಿನದು. ಅದರಿಂದ ಉಳಿಯುವುದು ಒಂದು ಜೀವವಾಗಿರಬಹುದು.